ನಲವತ್ತರಾಚೆ ನಾಕು ತಂತಿ

ಮಂಡ್ಯ ಸೀಮೆಯಲ್ಲಿ ಗಣೇಶನ ಹಬ್ಬ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಚೌತಿ ಕಳೆದು ವಾರಗಳಾದರೂ ಮದ್ದೂರಿನ ಯಾವುದೋ ಬೀದಿಯಲ್ಲಿ, ಮಳವಳ್ಳಿಯ ಯಾವುದೋ ಪೇಟೆಯಲ್ಲಿ ಶಾಮಿಯಾನ ಎದ್ದಿರುತ್ತದೆ. ಶಾಮಿಯಾನ ಇದ್ದಲ್ಲಿ ರಸಮಂಜರಿಯೂ ಇರುತ್ತದೆ. ವೇದಿಕೆಯ ಮೇಲೆ ಹಾಡುವವರು ನಾಲ್ಕೈದು ಮಂದಿ. ಕೀಬೋರ್ಡ್‌ಗೆ ಒಬ್ಬರು, ರಿದಂ ಪ್ಯಾಡ್‌ಗೆ ಒಬ್ಬರು, ತಬಲಾ, ಢೋಲಕ್‌ಗೆ ಒಬ್ಬರು, ಕೆಲವೊಮ್ಮೆ ಕೊಳಲು, ಗಿಟಾರ್. ಬೇಸ್ ಗಿಟಾರ್ ಹಿಡಿದವರು ಮಾತ್ರ ಎಷ್ಟೋ ತಂಡಗಳಲ್ಲಿ ಕಾಣುವುದಿಲ್ಲ. ಹಬ್ಬದ ಸಮಿತಿಯವರು ಕೊಡುವ ದುಡ್ಡು ಕಡಿಮೆಯಾದಾಗ ತಂಡ ಮೊದಲು ಕೈಬಿಡುವುದು ಅವರನ್ನೇ. ಕೀಬೋರ್ಡ್‌ನವರು ಎಡಗೈಯಲ್ಲಿ ಆ ಕೆಲಸವನ್ನೂ ಹೇಗೋ ಸುಧಾರಿಸಿಕೊಳ್ಳುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಹಾಡುವವರಿಗೆ ಬರವಿಲ್ಲ. ತಾಳ ಹಾಕುವವರಿಗಂತೂ ಇಲ್ಲವೇ ಇಲ್ಲ. ಗಿಟಾರ್ ಕಲಿಯುವ ಕಾಲೇಜು ಹುಡುಗರು ಬೇಕಾದಷ್ಟಿದ್ದಾರೆ. ಇಲ್ಲದಿರುವುದು ಬೇಸ್ ನುಡಿಸುವವರು. ಇನ್ನೊಂದು ಕಡೆ, ಚಿಕ್ಕಂದಿನಲ್ಲಿ ಸಂಗೀತ ಕಲಿಯಬೇಕೆಂದು ಆಸೆಪಟ್ಟು, ಮನೆ, ಜಮೀನು, ನೌಕರಿ, ಮಕ್ಕಳ ಓದು ಎಂದು ಅದನ್ನು ಬದಿಗಿಟ್ಟವರು ಊರೂರಲ್ಲೂ ಇದ್ದಾರೆ. ಈ ಎರಡು ಸಂಗತಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ತೋಚುವುದು ಒಂದೇ: ನಲವತ್ತು ದಾಟಿದ ಮೇಲೆ ಹೊಸದಾಗಿ ಒಂದು ವಾದ್ಯ ಹಿಡಿಯಬೇಕೆನ್ನುವವರಿಗೆ ಬೇಸ್ ಗಿಟಾರ್‌ನಷ್ಟು ತಕ್ಕದ್ದು ಇನ್ನೊಂದಿಲ್ಲ.

ಇದು ಸುಲಭವಾದ ವಾದ್ಯವೆಂದು ನಾನು ಹೇಳುತ್ತಿಲ್ಲ. ಪಿಟೀಲಿನಲ್ಲಿ ಕೇಳುವಂಥ ಒಂದು ಸ್ವರ ಹೊರಡಿಸಲು ವರ್ಷಗಳು ಬೇಕು. ಕಛೇರಿ ಹಾಡುಗಾರಿಕೆಗೆ ಗಂಟಲು ಎಳೆಯದಾಗಿದ್ದಾಗಲೇ ಸಾಧನೆ ಶುರುವಾಗಬೇಕೆನ್ನುತ್ತಾರೆ. ಬೇಸ್‌ನಲ್ಲಿ ಕೆಲವು ತಿಂಗಳು ಪ್ರಾಮಾಣಿಕವಾಗಿ ಕೂತರೆ ಸರಳವಾದ ಹಾಡೊಂದಕ್ಕೆ ಆಸರೆಯಾಗಿ ನಿಲ್ಲಬಹುದು. ಆಮೇಲೆ ಕಲಿಯುವುದು ಆಯುಷ್ಯಪೂರ್ತಿ ಇದ್ದೇ ಇರುತ್ತದೆ. ಆದರೆ ಇನ್ನೊಬ್ಬರಿಗೆ ಬೇಕಾದವರಾಗುವ ಗಳಿಗೆ ಬೇಗ ಬರುತ್ತದೆ. ವಯಸ್ಕರ ಕಲಿಕೆಗೆ ಅದಕ್ಕಿಂತ ದೊಡ್ಡ ಉತ್ತೇಜನ ಇಲ್ಲ.

ರೇಡಿಯೊ ರಿಪೇರಿಯವನ ವಾದ್ಯ

ಸಾಮಾನ್ಯ ಗಿಟಾರ್‌ಗೆ ಆರು ತಂತಿ, ಬೇಸ್‌ಗೆ ನಾಲ್ಕು. ದಪ್ಪ ತಂತಿಯಿಂದ ಶುರುಮಾಡಿದರೆ ಇ, ಎ, ಡಿ, ಜಿ. ಗಿಟಾರ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಬೇಸ್‌ನ ಇ ತಂತಿ ಅದರ ಅರ್ಧ, ಅಂದರೆ 41 ಸಲ. ಒಂದು ಇಡೀ ಸ್ಥಾಯಿ ಕೆಳಗೆ. ಅಷ್ಟು ಕೆಳಗಿನ ದನಿಗೆ ತಂತಿ ಉದ್ದವೂ ಇರಬೇಕು, ದಪ್ಪವೂ ಇರಬೇಕು. ಸಾಮಾನ್ಯ ಬೇಸ್‌ನಲ್ಲಿ ಕಂಪಿಸುವ ತಂತಿಯ ಉದ್ದ 34 ಇಂಚು, ಇ ತಂತಿಯ ದಪ್ಪ ಎರಡೂವರೆ ಮಿಲಿಮೀಟರಿಗೂ ಹೆಚ್ಚು.

ಬೇಸ್ ಗಿಟಾರ್ ಬರುವ ಮುಂಚೆ ಈ ಕೆಳಗಿನ ದನಿ ಕೊಡುತ್ತಿದ್ದುದು ಆಳೆತ್ತರದ ಡಬಲ್ ಬೇಸ್. ಅದನ್ನು ಸಾಗಿಸುವುದು ಕಷ್ಟ, ಡ್ರಮ್ಸ್ ಮತ್ತು ತುತ್ತೂರಿಗಳ ನಡುವೆ ಅದು ಕೇಳಿಸುವುದೂ ಕಷ್ಟ. ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಕತ್ತಿನ ಮೇಲೆ ಅಡ್ಡಪಟ್ಟಿ, ಅಂದರೆ ಫ್ರೆಟ್ ಇರುವ ವಿದ್ಯುತ್ ಬೇಸ್ ಮಾಡಿದ್ದ, ಆದರೆ ಅದು ಬಳಕೆಗೆ ಬರಲಿಲ್ಲ. ಬಳಕೆಗೆ ತಂದವನು ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ಲಿಯೊ ಫೆಂಡರ್, 1951ರಲ್ಲಿ. ಮೊದಲು ಲೆಕ್ಕಪತ್ರದ ಕೆಲಸ, ಆಮೇಲೆ ರೇಡಿಯೊ ರಿಪೇರಿ ಅಂಗಡಿ. ಸ್ವತಃ ಗಿಟಾರ್ ನುಡಿಸಲು ಅವನಿಗೆ ಬರುತ್ತಿರಲಿಲ್ಲ. ಆದರೆ ಅಂಗಡಿಗೆ ಬರುವ ವಾದ್ಯಗಾರರ ತೊಂದರೆಯನ್ನು ಕಿವಿಗೊಟ್ಟು ಕೇಳುತ್ತಿದ್ದ. ಕತ್ತಿನ ಮೇಲೆ ಲೋಹದ ಫ್ರೆಟ್‌ಗಳನ್ನು ಕೂರಿಸಿ, ಬೆರಳಿಟ್ಟ ಕಡೆ ಸ್ವರ ಖಚಿತವಾಗಿ ನಿಲ್ಲುವಂತೆ ಮಾಡಿದ. ಅದಕ್ಕೇ ಆ ವಾದ್ಯಕ್ಕೆ ಪ್ರಿಸಿಷನ್ ಬೇಸ್ ಎಂದು ಹೆಸರಿಟ್ಟ. ಇವತ್ತು ಅಂಗಡಿಯಲ್ಲಿ ಸಿಗುವ ಬಹುಪಾಲು ಬೇಸ್‌ಗಳು ಅದರ ಮತ್ತು 1960ರಲ್ಲಿ ಬಂದ ಅವನದೇ ಜಾಝ್ ಬೇಸ್‌ನ ಪೀಳಿಗೆಯವು.

ಕನ್ನಡದ ಕಿವಿಗೆ ಬೇಸ್ ಗಿಟಾರ್ ಬಂದದ್ದು ಮುಖ್ಯವಾಗಿ ಸಿನಿಮಾದಿಂದ. ರಾಜ್‌ಕುಮಾರ್ ಚಿತ್ರಗಳಿಗೆ ಸಾಲುಸಾಲಾಗಿ ಸಂಗೀತ ಕೊಟ್ಟ ಜಿ.ಕೆ. ವೆಂಕಟೇಶ್ ಅವರ ಬಳಿ ಮದ್ರಾಸಿನಲ್ಲಿ ಗಿಟಾರ್ ನುಡಿಸಿಕೊಂಡು, ಸಹಾಯಕನಾಗಿ ಪಳಗಿದವರು ಇಳಯರಾಜ. ಮುಂದೆ ಅವರೇ ಸಂಗೀತ ಕೊಟ್ಟ ಶಂಕರ್‌ನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳ ಹಾಡುಗಳನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿ. ಹಾಡುವವರನ್ನು ಒಂದು ಸಲ ಮರೆತು, ಕೆಳಗೆ ಓಡುವ ದನಿಯನ್ನಷ್ಟೇ ಹಿಂಬಾಲಿಸಿ. ಬೇಸ್ ಅಲ್ಲಿ ತಾಳಕ್ಕೆ ಸುಮ್ಮನೆ ಕಾಲು ಹಾಕುವುದಿಲ್ಲ. ಹಾಡಿನ ಎದುರು ಇನ್ನೊಂದು ರಾಗದ ಎಳೆಯನ್ನೇ ನೇಯುತ್ತದೆ. ನಲವತ್ತು ವರ್ಷದಿಂದ ಮದುವೆ ಮನೆಗಳಲ್ಲಿ, ಬಸ್ಸುಗಳಲ್ಲಿ ಈ ಹಾಡುಗಳನ್ನು ಕೇಳಿದವರಿಗೂ ಆ ಎಳೆ ಮೊದಲ ಬಾರಿ ಕೇಳಿಸುವ ಸುಖ ದೊಡ್ಡದು.

ಈಚಿನ ಬ್ಯಾಂಡ್‌ಗಳ ಪೈಕಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ತಂಡದಲ್ಲಿ ಗೌರವ್ ವಾಝ್, ಸ್ವರಾತ್ಮ ತಂಡದಲ್ಲಿ ಜಿಷ್ಣು ದಾಸ್‌ಗುಪ್ತ ಬೇಸ್ ನುಡಿಸಿದವರು. ಶಿಶುನಾಳ ಷರೀಫರ ತತ್ವಪದಗಳ ಕೆಳಗೆ ವಿದ್ಯುತ್ ಬೇಸ್ ಹೇಗೆ ಕೂರಬಲ್ಲದು ಎನ್ನುವುದಕ್ಕೆ ರಘು ದೀಕ್ಷಿತ್ ಅವರ ಹಾಡುಗಳೇ ಸಾಕ್ಷಿ. ಎ.ಆರ್. ರೆಹಮಾನ್ ಅವರ ಜತೆ ನುಡಿಸಿದ ಚೆನ್ನೈನ ಕೀತ್ ಪೀಟರ್ಸ್, ಮುಂಬೈನ ಮೋಹಿನಿ ಡೇ ಅವರನ್ನೂ ಹುಡುಕಿ ಕೇಳಬೇಕು. ಆದರೆ ಕೇಳಿ ಎದೆಗುಂದಬಾರದು. ಅವರದು ಬಾಲ್ಯದಿಂದ ಬಂದ ಸಾಧನೆ, ನಮ್ಮ ದಾರಿ ಬೇರೆ.

ತಂಬೂರಿ ಮತ್ತು ತಮಟೆ ಕಲಿಸಿದ್ದು

ಈ ಸೀಮೆಯವರಿಗೆ ಒಂದು ಅನುಕೂಲವಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ದೊಡ್ಡ ಕೇಂದ್ರ. ಆ ಪರಂಪರೆಯ ಕಥೆ ಹಾಡುವ ನೀಲಗಾರರನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮುಂದಾಳಿನ ಹೆಗಲಿಗೆ ತಂಬೂರಿ ಒರಗಿರುತ್ತದೆ, ಕೈಯಲ್ಲಿ ಗಗ್ಗರ, ಪಕ್ಕದವರ ಕೈಯಲ್ಲಿ ಡಕ್ಕಿ. ಕಥೆ ರಾತ್ರಿಯಿಡೀ ನಡೆದರೂ ತಂಬೂರಿಯ ಷಡ್ಜ ಕದಲುವುದಿಲ್ಲ. ಜನಪದ ಗಾಯಕ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್‌ಗಳನ್ನು ಕೇಳುತ್ತ ಬೆಳೆದವರಿಗೆ, ಕೆಳಗೆ ಒಂದು ನಾದ ನಿಂತಿದ್ದರೆ ಮೇಲಿನ ಮಾತು ಎಷ್ಟು ದೂರವಾದರೂ ಹೋಗಿ ಬರಬಹುದು ಎನ್ನುವುದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಬೇಸ್‌ನ ಮೊದಲ ಪಾಠ ಅದೇ. ತಂಬೂರಿ ಒಂದೇ ಕಡೆ ನಿಲ್ಲುತ್ತದೆ, ಬೇಸ್ ಹಾಡಿನ ಜತೆ ನಡೆಯುತ್ತದೆ. ವ್ಯತ್ಯಾಸ ಅಷ್ಟೇ.

ಇನ್ನೊಂದು, ತಮಟೆ. ಪೂಜಾ ಕುಣಿತದ ಮುಂದೆ ಬಾರಿಸುವವರು ಮೊದಲು ಹುಲ್ಲಿನ ಬೆಂಕಿಗೆ ಚರ್ಮ ಹಿಡಿದು ಬಿಗಿ ಮಾಡಿಕೊಳ್ಳುತ್ತಾರೆ. ಒಂದು ಕೈಯಲ್ಲಿ ದಪ್ಪ ಗಿಡ್ಡ ಕಡ್ಡಿ, ಇನ್ನೊಂದರಲ್ಲಿ ಸಣ್ಣ ಉದ್ದ ಕಡ್ಡಿ. ಸಣ್ಣದು ಚಟಪಟ ಎನ್ನುತ್ತಲೇ ಇರುತ್ತದೆ. ಕುಣಿಯುವವರ ಪಾದ ನೆಲಕ್ಕೆ ಬೀಳುವುದು ಮಾತ್ರ ದಪ್ಪ ಕಡ್ಡಿಯ ಪೆಟ್ಟಿಗೆ. ಬೇಸ್‌ನ ಸ್ವರವೂ ಬೀಳಬೇಕಾದ ಜಾಗ ಅದು. ಸಣ್ಣ ಕಡ್ಡಿಯ ಜತೆ ಓಡಲು ಹೋದರೆ ಹಾಡು ಗಜಿಬಿಜಿಯಾಗುತ್ತದೆ. ನಮ್ಮ ಎಷ್ಟೋ ಜನಪದ ಧಾಟಿಗಳು ತಿಶ್ರ ನಡೆಯವು. ಒಂದು–ಎರಡು–ಮೂರು ಎಂದು ಎಣಿಸುತ್ತ ಒಂದಕ್ಕೆ ಮಾತ್ರ ಸ್ವರ ಕೊಟ್ಟು, ಮಿಕ್ಕ ಎರಡನ್ನು ಖಾಲಿ ಬಿಡುವ ಅಭ್ಯಾಸ ಮಾಡಿ. ಖಾಲಿ ಬಿಡುವುದು ನುಡಿಸುವುದಕ್ಕಿಂತ ಕಷ್ಟ ಎಂದು ಆಗ ಗೊತ್ತಾಗುತ್ತದೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಇಂಥ ವಾದ್ಯಗಳನ್ನು ಒಟ್ಟಿಗೆ ಇಟ್ಟಿದ್ದಾರೆ. ಬೆಂಗಳೂರಿಗೆ ಬೇಸ್ ಕೊಳ್ಳಲು ಹೋಗುವ ದಿನ ದಾರಿಯಲ್ಲಿ ಇಳಿದು ನೋಡಿ.

ಕೊಳ್ಳುವ ಮುನ್ನ

ಮಂಡ್ಯದಲ್ಲಿ ಗಿಟಾರ್ ಸಿಕ್ಕರೂ ಬೇಸ್‌ಗಳನ್ನು ಸಾಲಾಗಿ ಇಟ್ಟು ಆರಿಸಿಕೊಳ್ಳುವಂಥ ಅಂಗಡಿ ಕಷ್ಟ. ಮೈಸೂರಿಗೋ ಬೆಂಗಳೂರಿಗೋ ಹೋಗುವುದು ಒಳ್ಳೆಯದು. ಆನ್‌ಲೈನ್‌ನಲ್ಲಿ ಕಣ್ಣುಮುಚ್ಚಿ ತರಿಸಬೇಡಿ. ಈ ವಾದ್ಯವನ್ನು ಹೆಗಲಿಗೆ ಹಾಕಿ ನೋಡಿಯೇ ಕೊಳ್ಳಬೇಕು. ಮೂರೂವರೆಯಿಂದ ನಾಲ್ಕೂವರೆ ಕೆ.ಜಿ. ತೂಗುತ್ತದೆ. ಬೆನ್ನುನೋವು ಇರುವವರಿಗೆ ಒಂದು ಕೆ.ಜಿ.ಯ ವ್ಯತ್ಯಾಸವೂ ದೊಡ್ಡದು. ಹೆಗಲಿನ ಪಟ್ಟಿ ಅಗಲವಾಗಿರಲಿ. ಕೈ ಚಿಕ್ಕದಿದ್ದವರು 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಕೇಳಿ ನೋಡಿ. ಅದನ್ನು ಮಕ್ಕಳ ವಾದ್ಯ ಎಂದು ಯಾರಾದರೂ ಅಂದರೆ ನಂಬಬೇಡಿ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಜಗತ್ಪ್ರಸಿದ್ಧರಾದದ್ದು ಅಂಥದ್ದೇ ಗಿಡ್ಡ ಹಾಫ್ನರ್ ಬೇಸ್ ಹಿಡಿದು.

ಯಮಾಹಾ, ಐಬನೆಝ್, ಕೋರ್ಟ್‌ನಂಥ ಕಂಪನಿಗಳ ಆರಂಭಿಕ ಬೇಸ್‌ಗಳು ಸಾಮಾನ್ಯವಾಗಿ 15ರಿಂದ 25 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ಅದಕ್ಕಿಂತ ಹೆಚ್ಚು ಸುರಿಯುವ ಅಗತ್ಯ ಮೊದಲ ವರ್ಷಕ್ಕಿಲ್ಲ. ಅಂಗಡಿಯಲ್ಲಿ ನೋಡಬೇಕಾದದ್ದು ಬಣ್ಣವನ್ನಲ್ಲ, ತಂತಿಯ ಎತ್ತರವನ್ನು. ಹನ್ನೆರಡನೇ ಫ್ರೆಟ್ ಮೇಲೆ ತಂತಿ ಎರಡು–ಮೂರು ಮಿಲಿಮೀಟರಿಗಿಂತ ಎತ್ತರದಲ್ಲಿದ್ದರೆ ಒತ್ತುವ ಬೆರಳಿಗೆ ಶಿಕ್ಷೆ. ಅದನ್ನು ಸರಿಮಾಡಿಕೊಡಿ ಎಂದು ಅಂಗಡಿಯವರನ್ನೇ ಕೇಳಿ. ಕತ್ತಿನೊಳಗಿನ ಉಕ್ಕಿನ ಸರಳು, ಸೇತುವೆಯ ತಿರುಪು ಇರುವುದೇ ಅದಕ್ಕಾಗಿ. ಬೇಸಿಗೆಯ ಒಣಗಾಳಿಗೂ ಮಳೆಗಾಲದ ತೇವಕ್ಕೂ ಮರ ಬಾಗುವುದರಿಂದ ವರ್ಷಕ್ಕೊಮ್ಮೆ ಈ ಕೆಲಸ ಮಾಡಿಸಬೇಕಾಗುತ್ತದೆ.

ಮನೆಯಲ್ಲಿ ಅಭ್ಯಾಸಕ್ಕೆ ದೊಡ್ಡ ಆಂಪ್ಲಿಫೈಯರ್, ಅಂದರೆ ಆಂಪ್, ಬೇಡ. ಬೇಸ್‌ಗೇ ಸಿಕ್ಕಿಸುವ ಪುಟ್ಟ ಹೆಡ್‌ಫೋನ್ ಆಂಪ್ ಸಾಕು. ಕರೆಂಟ್ ಹೋದರೂ ಅದು ನಡೆಯುತ್ತದೆ, ಪಕ್ಕದ ಮನೆಯವರ ನಿದ್ದೆಯೂ ಕೆಡುವುದಿಲ್ಲ. ಹೆಡ್‌ಫೋನ್ ವೈರಿನದೇ ಆಗಿರಲಿ. ಬ್ಲೂಟೂತ್‌ನಲ್ಲಿ ದನಿ ಕಿವಿಗೆ ತಲುಪುವುದು ತಡವಾಗುತ್ತದೆ. ಬೆರಳು ಮೀಟಿದ್ದು ಒಂದು ಗಳಿಗೆ, ಕೇಳಿಸಿದ್ದು ಇನ್ನೊಂದು ಗಳಿಗೆಯಾದರೆ ಲಯ ಕಲಿಯುವುದೆಂತು? ಮೊಬೈಲಿನ ಪುಟ್ಟ ಸ್ಪೀಕರ್‌ನಲ್ಲಿ ಪಾಠದ ವಿಡಿಯೊ ನೋಡುವುದೂ ವ್ಯರ್ಥ, ಅಷ್ಟು ಕೆಳಗಿನ ದನಿ ಅದರಿಂದ ಹೊರಡುವುದೇ ಇಲ್ಲ. ಬೆಂಗಳೂರಿಗೆ ರೈಲಿನಲ್ಲಿ ದಿನವೂ ಓಡಾಡುವ ಮಂಡ್ಯ, ಮದ್ದೂರಿನ ನೌಕರರಿಗೆ ಆ ಪ್ರಯಾಣದ ಹೊತ್ತೇ ಕೇಳ್ಮೆಯ ತರಗತಿಯಾಗಬಹುದು. ಒಂದೇ ಹಾಡನ್ನು ವಾರವಿಡೀ ಕೇಳಿ, ಬೇಸ್ ಎಲ್ಲಿ ಸ್ವರ ಬದಲಿಸಿತು ಎನ್ನುವುದನ್ನಷ್ಟೇ ಗಮನಿಸಿ.

ಬೆರಳ ಕೆಲಸ

ಬಲಗೈಯಿಂದ ಶುರುಮಾಡೋಣ. ಹೆಬ್ಬೆರಳನ್ನು ತಂತಿಗಳ ಅಡಿಯಲ್ಲಿರುವ ಪಿಕಪ್ ಮೇಲೆ ಊರಿ, ತೋರುಬೆರಳು ಮತ್ತು ನಡುಬೆರಳಿನಿಂದ ಒಂದಾದ ಮೇಲೊಂದರಂತೆ ಮೀಟಬೇಕು. ತಂತಿಯನ್ನು ಹೊರಕ್ಕೆ ಎಳೆಯಬಾರದು. ಬೆರಳು ತಂತಿಯನ್ನು ದಾಟಿ ಪಕ್ಕದ ದಪ್ಪ ತಂತಿಯ ಮೇಲೆ ಬಂದು ನಿಲ್ಲಬೇಕು. ಎರಡು ಬೆರಳು ಒಗ್ಗದಿದ್ದರೆ ಕಳವಳ ಬೇಡ. ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಲ್ಲಿ ಸಾಲುಸಾಲು ಜನಪ್ರಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಮೀಟುತ್ತಿದ್ದುದು ತೋರುಬೆರಳು ಒಂದರಿಂದಲೇ.

ಎಡಗೈ ಹೆಚ್ಚು ಕೇಳುತ್ತದೆ. ಮೊದಲ ಫ್ರೆಟ್‌ನ ಅಗಲವೇ ಸುಮಾರು ಐದು ಸೆಂಟಿಮೀಟರ್. ನಾಲ್ಕು ಬೆರಳನ್ನು ನಾಲ್ಕು ಫ್ರೆಟ್‌ಗೆ ಹರಡಬೇಕೆಂದು ಕೆಲವು ಪಾಠಗಳು ಹೇಳುತ್ತವೆ. ಕತ್ತಿನ ತುದಿಯಲ್ಲಿ ಆ ನಾಲ್ಕು ಫ್ರೆಟ್‌ಗಳ ಒಟ್ಟು ಅಗಲ ಹದಿನೆಂಟು ಸೆಂಟಿಮೀಟರಿನ ಹತ್ತಿರ. ವಯಸ್ಸಾದ ಮಣಿಕಟ್ಟಿಗೆ ಇದು ಒಳ್ಳೆಯದಲ್ಲ. ಡಬಲ್ ಬೇಸ್‌ನವರ ಹಳೆಯ ಪದ್ಧತಿ ಮೇಲು: ತೋರುಬೆರಳು, ನಡುಬೆರಳು, ಕಿರುಬೆರಳು ಮೂರು ಫ್ರೆಟ್‌ಗೆ, ಉಂಗುರಬೆರಳು ಕಿರುಬೆರಳಿಗೆ ಬೆಂಬಲ. ಫ್ರೆಟ್‌ನ ಪಟ್ಟಿಗೆ ಅಂಟಿದಂತೆ ಹಿಂದುಗಡೆ ಒತ್ತಿದರೆ ಕಡಿಮೆ ಬಲ ಸಾಕು. ಬೆರಳ ತುದಿ ಉರಿಯುವುದು ಸಹಜ, ಚರ್ಮ ಗಟ್ಟಿಯಾದಂತೆ ನಿಲ್ಲುತ್ತದೆ. ಕುಡುಗೋಲು, ಗುದ್ದಲಿ ಹಿಡಿದು ಪಳಗಿದ ಕೈಗೆ ಅದು ನೋವೇ ಅಲ್ಲ. ಮಣಿಕಟ್ಟು, ಮುಂಗೈ ನೋಯಲು ತೊಡಗಿದರೆ ಮಾತ್ರ ಆ ಕ್ಷಣವೇ ವಾದ್ಯ ಕೆಳಗಿಡಿ. ದಿನಕ್ಕೆ ಇಪ್ಪತ್ತು ನಿಮಿಷ, ತಪ್ಪದೆ. ಭಾನುವಾರ ಮೂರು ಗಂಟೆ ಕೂತು ವಾರವೆಲ್ಲ ಬಿಡುವುದಕ್ಕಿಂತ ಇದು ಎಷ್ಟೋ ವಾಸಿ.

ಸ್ವರ ಹೊರಡಿಸುವಷ್ಟೇ ಮುಖ್ಯ ಅದನ್ನು ನಿಲ್ಲಿಸುವುದು. ಒಂದು ತಂತಿ ಮೀಟಿದರೆ ಪಕ್ಕದ ತಂತಿಗಳೂ ಗುಂಯ್‌ಗುಡುತ್ತವೆ. ಎಡಗೈಯ ಬಿಡುವಾದ ಬೆರಳುಗಳನ್ನು ತಂತಿಗಳ ಮೇಲೆ ಹಗುರವಾಗಿ ಮಲಗಿಸಿ, ಬಲಗೈ ಹೆಬ್ಬೆರಳನ್ನು ಇ ತಂತಿಗೆ ಆನಿಸಿ ಅವನ್ನು ಸುಮ್ಮನಿರಿಸಬೇಕು. ವಿಡಿಯೊ ಪಾಠಗಳಲ್ಲಿ ಇದು ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ. ನನ್ನ ಪ್ರಕಾರ ಮೊದಲ ಆರು ತಿಂಗಳ ಅರ್ಧ ಪಾಠ ಇದೇ.

ಸರಿಗಮ ಗೊತ್ತಿದ್ದವರಿಗೆ ಬೇಸ್‌ನ ನಕ್ಷೆ ಬಹಳ ಸರಳ. ಎ ತಂತಿಯ ಮೂರನೇ ಫ್ರೆಟ್ ಅನ್ನು ಷಡ್ಜ ಎಂದಿಟ್ಟುಕೊಳ್ಳಿ. ಅದೇ ಮೂರನೇ ಫ್ರೆಟ್‌ನಲ್ಲಿ ಪಕ್ಕದ ಡಿ ತಂತಿಗೆ ಹೋದರೆ ಶುದ್ಧ ಮಧ್ಯಮ, ಅಲ್ಲೇ ಐದನೇ ಫ್ರೆಟ್‌ಗೆ ಸರಿದರೆ ಪಂಚಮ. ಜಿ ತಂತಿಯ ಐದನೇ ಫ್ರೆಟ್ ತಾರಷಡ್ಜ. ಕೆಳಗಿನ ಇ ತಂತಿಯ ಮೂರನೇ ಫ್ರೆಟ್ ಮಂದ್ರ ಪಂಚಮ. ಇದು ಒಂದು ಮನೆ ಶ್ರುತಿ. ಹಾಡುವವರು ಒಂದೂವರೆ ಎಂದರೆ ಕೈಯ ಆಕಾರ ಬದಲಿಸದೆ ಒಂದು ಫ್ರೆಟ್ ಮುಂದೆ ಸರಿಯಿರಿ, ಎರಡು ಮನೆ ಎಂದರೆ ಇನ್ನೊಂದು. ಎಲ್ಲ ತಂತಿಗಳ ನಡುವೆ ಒಂದೇ ಅಂತರವಿರುವುದರಿಂದ ನಕ್ಷೆ ಎಲ್ಲೂ ಕೆಡುವುದಿಲ್ಲ. ಗಿಟಾರ್‌ಗೂ ಹಾರ್ಮೋನಿಯಂಗೂ ಈ ಸೌಕರ್ಯ ಇಲ್ಲ. ಒಂದು ಎಚ್ಚರ ಬೇಕು: ಪಾಶ್ಚಾತ್ಯ ಪಾಠಗಳು ಎಲ್ಲದಕ್ಕೂ ಪಂಚಮ ಹೊಡೆಯಲು ಹೇಳುತ್ತವೆ. ಹಿಂದೋಳದಂಥ ರಾಗದಲ್ಲಿ ಪಂಚಮವೇ ಇಲ್ಲ. ಅಲ್ಲಿ ಷಡ್ಜ, ಮಧ್ಯಮಗಳಲ್ಲೇ ನಿಲ್ಲಬೇಕು. ಹಾಡುವವರ ರಾಗಕ್ಕೆ ಕಿವಿಗೊಡದ ಬೇಸ್ ಇದ್ದೂ ಉಪಯೋಗವಿಲ್ಲ.

ಶಿವನಸಮುದ್ರದ ಕರೆಂಟು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಹುಟ್ಟಿತು. ನೂರನಲವತ್ತು ಕಿ.ಮೀ.ಗೂ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹೊತ್ತಿತು. ವಿದ್ಯುತ್ತಿನ ಇಷ್ಟು ಹಳೆಯ ತವರಿನಲ್ಲೂ ಶಾಮಿಯಾನದ ಕೆಳಗಿನ ವೈರಿಂಗ್ ಮಾತ್ರ ಇವತ್ತಿಗೂ ಭಯ ಹುಟ್ಟಿಸುವಂತಿರುತ್ತದೆ. ಈ ಮಾತನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಜೀವದ ಪ್ರಶ್ನೆ.

ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹೋಗಿಬಂದು ಮಿಡಿಯುತ್ತದೆ. ಬೇಸ್‌ನ ಪಿಕಪ್ ಎಂದರೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ತಂತಿ. ಉಕ್ಕಿನ ತಂತಿಯ ಕಂಪನವನ್ನು ಹಿಡಿಯುವಂತೆಯೇ ಅದು ಸುತ್ತಲಿನ ವೈರುಗಳ ಈ ಮಿಡಿತವನ್ನೂ ಹಿಡಿಯುತ್ತದೆ. ಆಂಪ್‌ನಲ್ಲಿ ಕೇಳುವ ಗುಂಯ್ ಎನ್ನುವ ಸದ್ದು ಅದೇ. ಇ ತಂತಿಯ ಮೂರನೇ ಫ್ರೆಟ್‌ನ ಸ್ವರ ಸೆಕೆಂಡಿಗೆ 49 ಕಂಪನ, ಕರೆಂಟಿನ ಗುಂಯ್ ಹೆಚ್ಚುಕಡಿಮೆ ಅದೇ ಸ್ವರ. ತಂತಿಗೆ ಕೈ ತಾಗಿಸಿದಾಗ ಸದ್ದು ಕಡಿಮೆಯಾದರೆ ವಾದ್ಯದೊಳಗಿನ ಗ್ರೌಂಡ್ ಜೋಡಣೆ ಸರಿಯಾಗಿದೆ ಎಂದರ್ಥ. ಆದರೆ ಅದೇ ಜೋಡಣೆಯಿಂದ ನಿಮ್ಮ ಬೆರಳು ಕೇಬಲ್ ಮೂಲಕ ಆಂಪ್‌ನ ಲೋಹದ ಪೆಟ್ಟಿಗೆಗೆ ಸೇರಿಕೊಂಡಿರುತ್ತದೆ. ಆಂಪ್‌ಗೆ ಅರ್ಥಿಂಗ್ ಇಲ್ಲದೆ, ಮೈಕ್ ಬೇರೆ ಲೈನಿನಲ್ಲಿದ್ದರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವರಿಗೆ ಶಾಕ್ ಹೊಡೆಯಬಹುದು. ಮಳೆ ಬಿದ್ದು ವೇದಿಕೆ ಒದ್ದೆಯಾಗಿದ್ದರೆ ಕೇಳುವುದೇ ಬೇಡ. ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಕಿತ್ತು ಎರಡು ಪಿನ್ನಿನ ಜಾಗಕ್ಕೆ ತುರುಕುವವರನ್ನು ತಡೆಯಿರಿ. ಧ್ವನಿವರ್ಧಕದವರಿಗೆ ಅರ್ಥಿಂಗ್ ಎಲ್ಲಿ ಕೊಟ್ಟಿದ್ದೀರಿ ಎಂದು ಕೇಳಿ, ಸಂಕೋಚ ಬೇಡ. ಸೋರಿಕೆ ಕಂಡೊಡನೆ ಲೈನ್ ಕಡಿಯುವ ಇಎಲ್‌ಸಿಬಿ ಇರುವ ಬೋರ್ಡ್ ಬೇಕೆಂದು ಸಮಿತಿಯವರು ಕರಾರಿನಲ್ಲೇ ಬರೆಸಬೇಕು.

ಕೂಡಿ ನುಡಿಸಬೇಕು

ಒಬ್ಬರೇ ಕೋಣೆಯಲ್ಲಿ ಕೂತು ವರ್ಷಗಟ್ಟಲೆ ಬೇಸ್ ಕಲಿಯುವವರು ಕೊನೆಗೆ ಬಿಟ್ಟುಬಿಡುತ್ತಾರೆ. ಈ ವಾದ್ಯ ಒಂಟಿಯಾಗಿ ರುಚಿಸುವುದಿಲ್ಲ. ಹಾಗಾಗಿ ಮೂರು ಸ್ವರ ಬಂದ ಕೂಡಲೇ ಜನ ಸೇರುವ ಕಡೆ ಹೋಗಬೇಕು. ಮಂಡ್ಯ ಸೀಮೆಯಲ್ಲಿ ಅಂಥ ಜಾಗ ಹುಡುಕಬೇಕಿಲ್ಲ. ಊರಿಗೊಂದು ರಾಮಮಂದಿರ, ಶನಿವಾರ ರಾತ್ರಿಯ ಭಜನೆ ಇದೆ. ಚರ್ಚುಗಳ ಗಾಯನ ವೃಂದಗಳಿವೆ. ರಂಗಗೀತೆ ಹಾಡುವವರ ತಂಡಗಳಿವೆ.

ಮದ್ದೂರು ತಾಲ್ಲೂಕಿನ ಒಂದು ಭಜನೆ ಮನೆಗೆ ನಾನು ಮೊದಲ ಸಲ ಬೇಸ್ ತೆಗೆದುಕೊಂಡು ಹೋದಾಗ ಹುಡುಗನೊಬ್ಬ ಹತ್ತಿರ ಬಂದು, “ಇದ್ಯಾಕಣ್ಣ ನಾಕೇ ತಂತಿ? ಇನ್ನೆರಡು ಕಿತ್ತೋದ್ವಾ?” ಎಂದು ಕೇಳಿದ. ಹಾರ್ಮೋನಿಯಂ ಮುಂದೆ ಕೂತಿದ್ದ ಹಿರಿಯರು, “ಸುಮ್ಕಿರ್ಲಾ, ಅವ್ರು ಮೊದ್ಲು ನಮ್ ಶ್ರುತಿ ಕೇಳ್ಲಿ” ಎಂದು ಅವನನ್ನು ಸುಮ್ಮನಾಗಿಸಿ ನನ್ನ ಕಡೆ ತಿರುಗಿದರು. “ನೋಡಪ್ಪ, ನಮ್ದು ಒಂದೂವರೆ. ನೀನು ಅದೊಂದೇ ಸ್ವರ ಬಿಗಿಯಾಗಿ ಹಿಡ್ಕೊ. ಮಿಕ್ಕಿದ್ ನಾವ್ ನೋಡ್ಕತೀವಿ.” ಒಂದು ಭಜನೆಯಿಡೀ ಎ ತಂತಿಯ ನಾಲ್ಕನೇ ಫ್ರೆಟ್‌ನ ಒಂದೇ ಸ್ವರ, ತಾಳದ ಮೊದಲ ಪೆಟ್ಟಿಗೆ. ಎರಡನೇ ಭಜನೆಯ ಹೊತ್ತಿಗೆ ತಬಲಾದವರು ಎಡಗೈಯ ಪೆಟ್ಟನ್ನು ಬೇಸ್‌ನ ಜತೆ ಕೂಡಿಸತೊಡಗಿದರು. ಹಾಡುತ್ತಿದ್ದವರು ಹಿಂತಿರುಗಿ ನೋಡಲಿಲ್ಲ, ಆದರೆ ಅವರ ಗಂಟಲು ಬಿಚ್ಚಿಕೊಂಡಿತು. ಯಾವ ಪುಸ್ತಕವೂ, ಯಾವ ವಿಡಿಯೊವೂ ನನಗೆ ಅಷ್ಟು ಕಲಿಸಿಲ್ಲ. ಆ ಹಿರಿಯರು ಬೇಸ್ ಗಿಟಾರ್ ಅನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು, ಆದರೂ ಅದರ ಕೆಲಸವೇನೆಂದು ಅವರಿಗೆ ಗೊತ್ತಿತ್ತು.

ಪರೀಕ್ಷೆ ಕಟ್ಟಿ ಕಲಿಯುವ ಮನಸ್ಸಿನವರಿಗೆ ಲಂಡನ್ನಿನ ಟ್ರಿನಿಟಿ ಕಾಲೇಜಿನ ರಾಕ್ ಅಂಡ್ ಪಾಪ್ ವಿಭಾಗದಲ್ಲಿ ಬೇಸ್‌ಗೆ ಆರಂಭಿಕ ಹಂತದಿಂದ ಎಂಟನೇ ಗ್ರೇಡ್‌ವರೆಗೆ ಪರೀಕ್ಷೆಗಳಿವೆ, ರಾಕ್‌ಸ್ಕೂಲ್‌ನಲ್ಲೂ ಇವೆ. ವಯಸ್ಸಿನ ಗರಿಷ್ಠ ಮಿತಿ ಇಲ್ಲ. ಪರೀಕ್ಷೆ ಬೇಡದವರಿಗೆ ಬೇಡ. ತಿಂಗಳಿಗೊಂದು ಹಾಡು ಪೂರ್ತಿಯಾಗಿ, ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ನುಡಿಸುವ ಗುರಿ ಇಟ್ಟುಕೊಂಡರೆ ಅದೂ ಒಂದು ಪರೀಕ್ಷೆಯೇ. ಹೆಂಗಸರು ಈ ವಾದ್ಯ ಹಿಡಿಯುವುದಿಲ್ಲ ಎಂಬ ಮಾತಿಗೂ ಅರ್ಥವಿಲ್ಲ. 1960ರ ದಶಕದಲ್ಲಿ ಲಾಸ್ ಏಂಜಲಿಸ್‌ನ ಸ್ಟುಡಿಯೊಗಳಲ್ಲಿ ಅತ್ಯಂತ ಬೇಡಿಕೆಯಲ್ಲಿದ್ದ ಬೇಸ್ ವಾದಕರಲ್ಲಿ ಕ್ಯಾರಲ್ ಕೇ ಒಬ್ಬರು. ಅದಕ್ಕೆ ಮೊದಲು ವರ್ಷಗಟ್ಟಲೆ ಗಿಟಾರ್ ನುಡಿಸಿಕೊಂಡಿದ್ದು, ಒಂದು ರೆಕಾರ್ಡಿಂಗ್‌ಗೆ ಬೇಸ್‌ನವರು ಬಾರದ ದಿನ ಅದನ್ನು ಕೈಗೆತ್ತಿಕೊಂಡವರು ಅವರು.

ಮಂಡ್ಯ, ಮದ್ದೂರು, ಮಳವಳ್ಳಿಯ ಸಂಗೀತ ಶಾಲೆಗಳವರಲ್ಲಿ ಒಂದು ಕೋರಿಕೆ. ನಿಮ್ಮ ತರಗತಿಗಳು ಸಾಮಾನ್ಯವಾಗಿ ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತಿಗೆ ನಡೆಯುತ್ತವೆ. ದುಡಿಯುವವರು ಮನೆ ಸೇರುವುದು ಏಳರ ಮೇಲೆ. ವಾರಕ್ಕೆ ಎರಡು ದಿನ, ಏಳೂವರೆಯಿಂದ ಎಂಟೂವರೆಯವರೆಗೆ ದೊಡ್ಡವರಿಗೆಂದೇ ಒಂದು ತರಗತಿ ತೆರೆಯಿರಿ, ಶಾಲೆಯಲ್ಲಿ ಎಲ್ಲರೂ ಬಳಸಬಹುದಾದ ಒಂದು ಬೇಸ್ ಗಿಟಾರ್ ಇಡಿ. ಮನೆಯ ಅಟ್ಟದಲ್ಲಿ ಬಳಸದ ಬೇಸ್ ಇರುವವರು ಅದನ್ನು ಅಂಥ ಶಾಲೆಗೆ ಕೊಡಿ, ತಂತಿ ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ಹೊಸದು ಹಾಕಿಕೊಳ್ಳಬಹುದು.